ಮಾವನ ಕಂಬಳಿ ಅಂಗಡಿ ಇಂಟರ್‌ನೆಟ್ಟಿಗೆ ಹೋದದ್ದು

ಚಿತ್ರದುರ್ಗದ ಪ್ರಿಂಟಿಂಗ್ ಪ್ರೆಸ್ಸೊಂದಕ್ಕೆ ನಾನು ಸೇರಿದ್ದು ಪ್ರೂಫ್ ತಿದ್ದಲು. ಅದು ತೊಂಬತ್ತರ ದಶಕದ ಮೊದಲ ಭಾಗ. ಮದುವೆ ಪತ್ರಿಕೆಯಲ್ಲಿ ವರನ ಹೆಸರು ವಧುವಿನ ಜಾಗಕ್ಕೆ ಹೋಗದಂತೆ ನೋಡಿಕೊಂಡರೆ ನನ್ನ ಕೆಲಸ ಮುಗಿಯಿತು. ಆದರೆ ಒಂದು ದಿನ ಹಿಟ್ಟಿನ ಗಿರಣಿಯವರೊಬ್ಬರು ಕರಪತ್ರ ಮಾಡಿಸಲು ಬಂದರು. ಅವರು ಬರೆದು ತಂದದ್ದು ಒಂದೇ ಸಾಲು: 'ನಮ್ಮಲ್ಲಿ ರಾಗಿ, ಜೋಳ, ಗೋಧಿ ಬೀಸಿ ಕೊಡಲಾಗುವುದು.' ಗಿರಣಿಯಲ್ಲಿ ಇನ್ನೇನು ಮಾಡುತ್ತಾರೆ? ನನಗೆ ತಡೆಯಲಾಗಲಿಲ್ಲ. ಬೀಸಿದ ಹಿಟ್ಟು ಆರುವ ಮೊದಲೇ ಡಬ್ಬಿ ಮುಚ್ಚಬೇಡಿ, ಮುಗ್ಗಲು ವಾಸನೆ ಬರುತ್ತದೆ; ಮುದ್ದೆಗೋ ರೊಟ್ಟಿಗೋ ಎಂದು ಮೊದಲೇ ಹೇಳಿ ಬೀಸಿಸಿಕೊಳ್ಳಿ ಎಂದೆಲ್ಲ ಸೇರಿಸಿ, ಕೊನೆಗೆ ಗಿರಣಿಯ ವಿಳಾಸ ಹಾಕಿದೆ. ಹೆಂಗಸರು ಆ ಕರಪತ್ರವನ್ನು ಎಸೆಯಲಿಲ್ಲ. ಅನ್ನದ ಅಗುಳು ಮೆತ್ತಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರು.

ಅಲ್ಲಿಂದ ಕರಪತ್ರ ಬರೆಯುವುದೇ ನನ್ನ ಕೆಲಸವಾಯಿತು. ಪಾತ್ರೆ ಅಂಗಡಿಗೆ ಹಿತ್ತಾಳೆ ಬೆಳಗುವ ಬಗೆ, ಕೊಡೆ ರಿಪೇರಿಯವನಿಗೆ ಕೊಡೆ ಒಣಗಿಸುವ ಬಗೆ. ಜನಕ್ಕೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಿದರೆ ಅಂಗಡಿ ತಾನಾಗಿ ನೆನಪಿರುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಆ ಗಿರಣಿ. ಇದಕ್ಕೆ ಕಂಟೆಂಟ್ ಮಾರ್ಕೆಟಿಂಗ್ ಎಂಬ ದೊಡ್ಡ ಹೆಸರಿದೆ ಎಂದು ತಿಳಿಯುವ ಹೊತ್ತಿಗೆ ನನ್ನ ಕಣ್ಣಿಗೆ ಕನ್ನಡಕ ಬಂದಿತ್ತು.

ಹಿರಿಯೂರಿನಲ್ಲಿ ನನ್ನ ಸೋದರಮಾವನ ಕಂಬಳಿ ಅಂಗಡಿ ಇತ್ತು. ಹೆದ್ದಾರಿಗೆ ಹತ್ತಿರ, ಬಸ್ಸು ಲಾರಿಗಳ ಧೂಳು ದಿನಾ ಒಳಗೆ ಬರುವ ಜಾಗ. ಸುತ್ತಲಿನ ಕುರಿಗಾರರಿಂದ ಉಣ್ಣೆ ಕೊಂಡು, ಮಗ್ಗದವರಿಗೆ ಕೊಟ್ಟು, ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕರಿ ಕಂಬಳಿಗಳನ್ನು ಮಾರುತ್ತಿದ್ದ. ಒಳ್ಳೆಯ ವ್ಯಾಪಾರಿ, ಗತ್ತಿನ ಮನುಷ್ಯ. ಯಾರು ಏನು ಕೇಳಿದರೂ 'ಇಲ್ಲ' ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಎರಡು ಸಾವಿರದ ಇಸವಿಯ ಆಚೆ ಒಂದು ದಿನ, ಕಾರಿನಲ್ಲಿ ಬಂದ ಗಿರಾಕಿಯೊಬ್ಬರು ಕಂಬಳಿ ಕೊಂಡು, "ನಿಮ್ದು ವೆಬ್‌ಸೈಟ್ ಇದೆಯಾ?" ಎಂದು ಕೇಳಿದರಂತೆ. ಮಾವ ಕಪಾಟಿನ ಕಡೆ ಒಮ್ಮೆ ತಿರುಗಿ ನೋಡಿ, "ಇತ್ತು ಸಾರ್, ಖಾಲಿ ಆಗೈತೆ. ಮುಂದಿನ ವಾರ ಬರ್ತೈತೆ," ಎಂದ.

ಅದು ಕಂಬಳಿಯ ಬಗೆಯಲ್ಲ ಎಂದು ಆಮೇಲೆ ಯಾರೋ ಬಿಡಿಸಿ ಹೇಳಿದರು. ಮಾವನಿಗೆ ಅವಮಾನವಾಯಿತು. ಮಾರನೆಯ ದಿನವೇ ಪ್ರೆಸ್ಸಿಗೆ ಫೋನು ಮಾಡಿದ.

"ಏನವ್ವ, ಮುಂದಿನ ವಾರ ಬರ್ತೈತೆ ಅಂತ ಗಿರಾಕಿಗೆ ಮಾತು ಕೊಟ್ಬಿಟ್ಟಿದೀನಿ. ಒಂದು ವೆಬ್‌ಸೈಟ್ ಮಾಡ್ಸು. ಮಾತು ನಿಂದೇ ಇರ್ಲಿ, ಅಲಂಕಾರ ಯಾರಾದ್ರೂ ಮಾಡ್ಲಿ."

ಅಲಂಕಾರಕ್ಕೆ ಸಿಕ್ಕವನು ಹೊಳಲ್ಕೆರೆಯವನು. ಮೂವತ್ತರ ಆಸುಪಾಸಿನ ಉತ್ಸಾಹಿ. ಅದಕ್ಕೆ ಮುಂಚೆ ಅವನದ್ದು ಸೀರಿಯಲ್ ಸೆಟ್ ದೀಪಗಳ ಬಾಡಿಗೆ ವ್ಯಾಪಾರ. ಗಣಪತಿ ಪೆಂಡಾಲಿನಲ್ಲಿ ದೀಪದ ಹನುಮಂತ ದೀಪದ ಗುಡ್ಡ ಹೊತ್ತು ಹಾರುವುದು, ದೀಪದ ನವಿಲು ಗರಿ ಬಿಚ್ಚುವುದು, ಎಲ್ಲ ಅವನ ಕೈಚಳಕ. ಕಂಪ್ಯೂಟರ್ ಕೋರ್ಸು ಮುಗಿಸಿ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕೋಣೆ ಹಿಡಿದಿದ್ದ. ಅರ್ಧ ಕೋಣೆ ಕಂಪ್ಯೂಟರು, ಇನ್ನರ್ಧ ಕೋಣೆ ಗಂಟು ಬಿದ್ದ ವೈರು, ಬಣ್ಣದ ಬಲ್ಬು. ಅವನ ದೃಷ್ಟಿಯಲ್ಲಿ ಇವೆರಡೂ ಒಂದೇ ಕಸುಬು.

ನಾನು ಬಸ್ಸಿನಲ್ಲಿ ಹೋಗಿ ನನ್ನ ಬರಹ ಕೊಟ್ಟೆ. ಅದಕ್ಕೆ ಬಹಳ ಕಷ್ಟಪಟ್ಟಿದ್ದೆ. ಮಾವನಿಗೆ ಉಣ್ಣೆ ಕೊಡುತ್ತಿದ್ದ ಕುರಿಗಾರ ಯಜಮಾನರೊಬ್ಬರ ಜೊತೆ ಕೂತು ಎಲ್ಲ ಕೇಳಿ ತಿಳಿದುಕೊಂಡಿದ್ದೆ. ಕುರಿಯ ಉಣ್ಣೆ ಯಾವಾಗ ಕತ್ತರಿಸುತ್ತಾರೆ, ಮಳೆಯಲ್ಲಿ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ನೀರು ಹೇಗೆ ಜಾರುತ್ತದೆ, ಹುಳ ಹಿಡಿಯದಂತೆ ಬೇವಿನ ಸೊಪ್ಪು ಹೇಗಿಡಬೇಕು, ನಿಜವಾದ ಉಣ್ಣೆಯನ್ನು ಕಂಡುಹಿಡಿಯುವುದು ಹೇಗೆ. ಹೊಳಲ್ಕೆರೆಯವನು ಆ ಹಾಳೆಗಳನ್ನು ತೂಕ ನೋಡುವವನ ಹಾಗೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದ.

"ಅಕ್ಕಾರೆ, ಬಾಳ ಚೆನ್ನಾಗೈತೆ. ಆದ್ರೆ ಇದು ಕುಣಿಯಲ್ವಲ್ಲ?"

"ಯಾಕಪ್ಪ ಕುಣೀಬೇಕು? ಓದೋಕೆ ಬರೆದಿರೋದು."

"ಓದೋರು ಪುಸ್ತಕ ತಗಂತಾರೆ ಅಕ್ಕಾರೆ. ಕಂಪ್ಯೂಟರ್ ಮುಂದೆ ಕುಂತೋರು ನೋಡಾಕೆ ಬಂದಿರ್ತಾರೆ. ನೀವು ಮನೇಲಿ ಆರಾಮಾಗಿರ್ರಿ, ನಾನು ಕುಣಿಸ್ತೀನಿ."

ಒಂದು ಮಾತನ್ನು ಮಾತ್ರ ಮೊದಲೇ ಹೇಳಿದ. ಕನ್ನಡ ಅಕ್ಷರದ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಅದೇ ಬರಹ ಇಂಗ್ಲಿಷ್ ಅಕ್ಷರಗಳೂ ಚುಕ್ಕೆಗಳೂ ಕೊಂಬುಗಳೂ ಕಲಸಿದ ಚಿತ್ರಾನ್ನದಂತೆ ಕಾಣುತ್ತದೆ. "ಅದಕ್ಕೇ ಚಿತ್ರ ಜಾಸ್ತಿ ಹಾಕ್ತೀನಿ, ಚಿತ್ರಕ್ಕೆ ಫಾಂಟ್ ಬೇಡ," ಎಂದ. ಇದು ನನಗೂ ನ್ಯಾಯವಾಗಿಯೇ ಕಂಡಿತು.

ವೆಬ್‌ಸೈಟು ಸಿದ್ಧವಾದ ದಿನ ಹಿರಿಯೂರಿನ ಸೈಬರ್ ಸೆಂಟರಿಗೆ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಕಂಪ್ಯೂಟರು ಕೀಂ ಎಂದು ಕಿರುಚಿ, ಗೊಗ್ಗರು ದನಿಯಲ್ಲಿ ಕೆಮ್ಮಿ, ಇಂಟರ್‌ನೆಟ್ಟಿಗೆ ಸೇರಿಕೊಂಡಿತು. ನಾವು ಕಾದೆವು. ಕಾಫಿ ಬಂತು, ಕಾಫಿ ಮುಗಿಯಿತು. ಆಮೇಲೆ ತೆರೆಯ ಮೇಲೆ ದೊಡ್ಡ ಬಾಗಿಲೊಂದು ಮೇಲಿಂದ ಕೆಳಗೆ ಇಳಿದು ಬಂತು. ಎರಡೂ ಪಕ್ಕಕ್ಕೆ ಉರಿಯುವ ದೀಪದ ಕಂಬ. ಬಾಗಿಲು ಮೆಲ್ಲಗೆ ತೆರೆಯಿತು. ಮಾವ ಗೊತ್ತಿಲ್ಲದೆ ಕಾಲಿನ ಚಪ್ಪಲಿ ಬಿಟ್ಟ.

ಅಷ್ಟರಲ್ಲಿ ನಾದಸ್ವರ ಶುರುವಾಯಿತು. ಅದೂ ಗಟ್ಟಿಮೇಳದ ಸದ್ದು. ಅಕ್ಕಪಕ್ಕದ ಗೂಡುಗಳಲ್ಲಿ ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದವರೆಲ್ಲ ಬೆಚ್ಚಿ ಎದ್ದು ನಿಂತರು. ಒಬ್ಬರ ಕೈಯಂತೂ ಅಕ್ಷತೆ ಹಾಕುವವರ ಹಾಗೆ ಅರ್ಧ ಮೇಲೆದ್ದಿತ್ತು.

ಬಾಗಿಲಿನ ಒಳಗೆ ಅಂಗಡಿಯ ಹೆಸರು ಕೆಂಪು, ಹಸಿರು, ಹಳದಿಯಾಗಿ ಮಿನುಗುತ್ತಿತ್ತು. ನನ್ನ ಬರಹ ಕೆಳಗೆ ಬಲದಿಂದ ಎಡಕ್ಕೆ ಓಡುತ್ತಿತ್ತು. ಓಡುವುದೆಂದರೆ ಹೆದ್ದಾರಿಯ ಲಾರಿಯಂತೆ. 'ಬೇವಿನ' ಎಂದು ಓದುವುದರೊಳಗೆ ಸೊಪ್ಪು ದಾಟಿಹೋಗಿರುತ್ತಿತ್ತು. ಎಲ್ಲಕ್ಕಿಂತ ಮುಖ್ಯ, ಒಂದು ಕುರಿ ಇತ್ತು. ಬಿಳಿ, ದುಂಡು, ಮುದ್ದಾದ ಕುರಿ. ಮೌಸ್ ಎಲ್ಲಿ ಹೋದರೆ ಅದೂ ಅಲ್ಲಿಗೆ ಹೋಗುತ್ತಿತ್ತು. ಓದಲೆಂದು ಬಾಣವನ್ನು ಅಕ್ಷರದ ಮೇಲೆ ಇಟ್ಟರೆ ಕುರಿ ಬಂದು ಅಕ್ಷರದ ಮೇಲೆಯೇ ನಿಲ್ಲುತ್ತಿತ್ತು. ಕುರಿಯನ್ನು ಒತ್ತಿದರೆ 'ಬ್ಯಾ' ಎಂದು ಇನ್ನೊಂದು ಕುರಿ ಹುಟ್ಟುತ್ತಿತ್ತು.

"ನನ್ನ ಮಾತೆಲ್ಲಿ ಕಾಣ್ತೈತೆ?" ಎಂದೆ.

"ಕುರಿ ಹಿಂದುಗಡೆ ಐತೆ ಅಕ್ಕಾರೆ," ಎಂದ ಹೊಳಲ್ಕೆರೆಯವನು, ಬೆವರೊರೆಸಿಕೊಳ್ಳುತ್ತ, ಹೆಮ್ಮೆಯಿಂದ.

ಮಾವ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನೇ ಒತ್ತಿ ಒತ್ತಿ ತೆರೆಯ ತುಂಬ ಕುರಿ ಮಾಡಿದ. "ಇದಪ್ಪ ವೆಬ್‌ಸೈಟು ಅಂದ್ರೆ! ಎಷ್ಟು ಲಕ್ಷಣವಾಗೈತೆ!" ಎಂದು ಹೊಳಲ್ಕೆರೆಯವನ ಬೆನ್ನು ತಟ್ಟಿದ. ನನ್ನ ಬೆನ್ನನ್ನು ಯಾರೂ ತಟ್ಟಲಿಲ್ಲ.

ಆ ವೆಬ್‌ಸೈಟಿಗೆ ಜನ ಬಂದದ್ದು ನಿಜ. ಚಿತ್ರದುರ್ಗದ ಸೈಬರ್ ಸೆಂಟರಿನಲ್ಲಿ ಕಾಲೇಜು ಹುಡುಗರು ಯಾರು ಹೆಚ್ಚು ಕುರಿ ಮಾಡುತ್ತಾರೆಂದು ಪಂದ್ಯ ಕಟ್ಟುತ್ತಿದ್ದರಂತೆ. ಕನ್ನಡ ಫಾಂಟ್ ಇಲ್ಲದ ಕಡೆಗಳಲ್ಲಿ ಕಾಣುತ್ತಿದ್ದದ್ದು ಎರಡೇ: ಕುರಿ ಮತ್ತು ಮಾವನ ಫೋನ್ ನಂಬರು. ಕಂಬಳಿ ಎಂಬ ಪದ ಚಿತ್ರಾನ್ನದಲ್ಲಿ ಕಲಸಿಹೋಗಿತ್ತು. ಕುರಿಯನ್ನೂ ಫೋನ್ ನಂಬರನ್ನೂ ಒಟ್ಟಿಗೆ ಕಂಡ ಮನುಷ್ಯ ಏನು ತಿಳಿದುಕೊಳ್ಳುತ್ತಾನೆ? ಫೋನುಗಳು ಬರತೊಡಗಿದವು.

"ಬಾಡೂಟಕ್ಕೆ ಎಳೇದು ಸಿಗ್ತೈತಾ?"

"ತಲೆಕಾಲು ಬೇರೆ ಕೊಡ್ತೀರೋ, ಸೇರ್ಸೇ ಕೊಡ್ತೀರೋ?"

ಮಾವನ ಹೆಂಡತಿ, ಅಂದರೆ ನನ್ನ ಅತ್ತೆಯ ಮುಂದೆ ಮೊಟ್ಟೆಯ ಮಾತನ್ನೂ ಎತ್ತುವ ಹಾಗಿರಲಿಲ್ಲ. ಅಂಗಡಿಯ ಫೋನೇ ಮನೆಯ ಫೋನು. ಮೊದಲ ಸಲ 'ತಲೆಕಾಲು' ಎಂಬ ಮಾತು ಕಿವಿಗೆ ಬಿದ್ದಾಗ ಅತ್ತೆ ರಿಸೀವರನ್ನು ಹಾಗೇ ನೀರಿನ ಬಿಂದಿಗೆಗೆ ಬಿಟ್ಟರು. ರಿಸೀವರನ್ನು ಬಿಸಿಲಿಗಿಟ್ಟು ಒಣಗಿಸಿದ್ದಾಯಿತು. ಫೋನು ಮತ್ತೆ ಜೀವ ಹಿಡಿಯಿತು, ಕರೆಗಳೂ.

ಯುಗಾದಿಯ ದಿನ ಅದು ಮಿತಿ ಮೀರಿತು. ನಾನೂ ಹಬ್ಬಕ್ಕೆಂದು ಹಿರಿಯೂರಿಗೆ ಹೋಗಿದ್ದೆ. ಬೇವುಬೆಲ್ಲ ತಿಂದು ಕೂತಿದ್ದೆವು, ಹೋಳಿಗೆ ಬೇಯುತ್ತಿತ್ತು. ಅಂಗಡಿಯ ಮುಂದೆ ಟೆಂಪೋ ನಿಂತಿತು. ದಪ್ಪ ಮೀಸೆಯ ಒಬ್ಬರು ಇಳಿದು, ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಒಳಗೆ ಬಂದರು.

"ಬರ್ರಿ, ಬರ್ರಿ, ಕುಂತ್ಕಳ್ರಿ," ಎಂದ ಮಾವ, ಗಿರಾಕಿ ಬಂದ ಖುಷಿಯಲ್ಲಿ. "ಎಂಥದ್ದು ಬೇಕು? ಕರಿದೋ, ಬಿಳೀದೋ?"

"ಯಾವ ಬಣ್ಣಾದ್ರೂ ಆಗ್ಲಿ, ಮೈ ತುಂಬ್ಕಂಡಿರ್ಬೇಕು. ನಾಳೆ ಹೊಸತೊಡಕು, ಊರಿಗೇ ಊಟ."

"ಮೈ ತುಂಬ ಹೊದ್ಕಂಬೋದು, ಚಿಂತೆ ಬೇಡ. ನಮ್ಮವು ಬಾಳ ವರ್ಷ ಬಾಳಿಕೆ ಬರ್ತಾವೆ."

ಮೀಸೆಯವರು ಮಾವನನ್ನು ವಿಚಿತ್ರವಾಗಿ ನೋಡಿದರು. "ಬಾಳಿಕೆ ಯಾಕ್ರಿ? ನಾಳೆ ಮಧ್ಯಾಹ್ನದೊಳಗೆ ಮುಗೀತಾವೆ."

"ಕಂಬಳಿ ಮುಗಿಯಾದಾ?"

"ಯಾವ ಕಂಬಳಿ?"

ಅತ್ತೆ ಒಳಗಿನಿಂದ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು. ನನ್ನ ಪುಣ್ಯಕ್ಕೆ ಆ ಕುರಿಗಾರ ಯಜಮಾನರು ಹಬ್ಬದ ಹೋಳಿಗೆಗೆಂದು ಬಂದು ಅಲ್ಲೇ ಜಗಲಿಯಲ್ಲಿ ಕೂತಿದ್ದರು. ಅವರು ಬೀಡಿ ಆರಿಸಿ ಎದ್ದು, "ಬರ್ರಿ ಸ್ವಾಮಿ, ನಮ್ಮ ಹಟ್ಟಿ ಕಡೆ ಹೋಗಾಣ. ಜೀವ ಇರೋವು ನಮ್ಮತ್ರ ಅವೆ, ಇವರತ್ರ ಬರೀ ಕೂದ್ಲು ಐತೆ," ಎಂದು ಅವರನ್ನು ಟೆಂಪೋ ಹತ್ತಿಸಿಕೊಂಡು ಹೋದರು. ಆಮೇಲೆ ಯಜಮಾನರು ಮಾವನನ್ನು ಕಂಡಾಗಲೆಲ್ಲ, "ಸಾವ್ಕಾರ್ರೆ, ನಿಮ್ಮ ವೆಬ್‌ಸೈಟು ನಂಗೆ ಬಾಳ ಅನುಕೂಲ ಆತು, ತೆಗೀಬ್ಯಾಡ್ರಿ," ಎನ್ನುತ್ತಿದ್ದರು.

ಆದರೆ ಅತ್ತೆಯ ಆಜ್ಞೆಯಾಗಿತ್ತು. ಆ ಕುರಿ ಈ ಮನೆಯಿಂದ ಹೊರಗೆ ಹೋಗಬೇಕು.

ಹೊಳಲ್ಕೆರೆಯ ಮಹಡಿಯ ಕೋಣೆಯಲ್ಲಿ ಮೂವರೂ ಕೂತೆವು. ನಾನು ಹುರುಪಿನಲ್ಲಿದ್ದೆ. ಅಲಂಕಾರ ಹೆಚ್ಚಾದರೆ ಮಾತು ಸಾಯುತ್ತದೆ, ಈ ಸಲ ನಾನು ಹೇಳಿದ ಹಾಗೆಯೇ ಆಗಬೇಕು ಎಂದು ದೊಡ್ಡ ಭಾಷಣ ಮಾಡಿದೆ. ಮಿನುಗುವುದು ಬೇಡ, ಓಡುವುದು ಬೇಡ, ನಾದಸ್ವರ ಬೇಡ. ಬಿಳಿ ಪುಟ, ಕಪ್ಪು ಅಕ್ಷರ, ಗಂಭೀರವಾಗಿರಲಿ. ಹೊಳಲ್ಕೆರೆಯವನು ಪೆಂಡಾಲು ಬಿಚ್ಚುವವನ ಮುಖ ಮಾಡಿಕೊಂಡು ಒಂದೊಂದೇ ತೆಗೆದ. ಕೊನೆಗೆ ಕುರಿಯನ್ನು ಅಳಿಸುವಾಗ ಅವನ ಬೆರಳು ಸ್ವಲ್ಪ ತಡೆಯಿತು.

"ನನ್ನ ಫೋಟೋ ಆದ್ರೂ ಹಾಕ್ರಪ್ಪ," ಎಂದ ಮಾವ. "ಮನುಷ್ಯರ ಮುಖ ಇದ್ರೆ ಕುರಿ ಕೇಳಲ್ಲ."

ಇದು ಒಳ್ಳೆಯ ಯೋಚನೆಯೆಂದು ಎಲ್ಲರಿಗೂ ಅನ್ನಿಸಿತು. ಅವನದ್ದು ಚೆನ್ನಾಗಿ ಬಂದ ಫೋಟೋ ಒಂದೇ ಇತ್ತು. ವರ್ತಕರು ಸೇರಿ ಸನ್ಮಾನ ಮಾಡಿದಾಗ ತೆಗೆದದ್ದು. ಕೊರಳಲ್ಲಿ ದಪ್ಪನೆಯ ಹಾರ, ಮುಖದಲ್ಲಿ ಶಾಂತ ಭಾವ. ಫೋಟೋ ಬಿಳಿ ಪುಟದಲ್ಲಿ ತೇಲಿದ ಹಾಗಿದೆ, ಸುತ್ತ ಒಂದು ತೆಳು ಕಪ್ಪು ಅಂಚು ಕೊಡು ಎಂದೆ. ಕೊಟ್ಟ. ಅಂಗಡಿ ಎಷ್ಟು ಹಳೆಯದೆಂದು ಜನಕ್ಕೆ ತಿಳಿಯಬೇಕಲ್ಲ ಎಂದು ಮಾವ ಸೇರಿಸಿದ. ಅದಕ್ಕಾಗಿ ಫೋಟೋದ ಕೆಳಗೆ ಅಂಗಡಿ ಶುರುವಾದ ಇಸವಿ, ಒಂದು ಅಡ್ಡಗೆರೆ, ಆ ವರ್ಷದ ಇಸವಿ. ಅದರ ಕೆಳಗೆ ನನ್ನ ಸಾಲು: 'ನಾಲ್ಕು ದಶಕ ನಮ್ಮ ನಾಡನ್ನು ಬೆಚ್ಚಗಿಟ್ಟ ಜೀವ.'

ಮೂವರು ವಯಸ್ಸಿಗೆ ಬಂದವರು, ಹಗಲು ಹೊತ್ತಿನಲ್ಲಿ, ಆ ಪುಟವನ್ನು ಮುಂದಿಟ್ಟುಕೊಂಡು ಚಹಾ ಕುಡಿದೆವು. ಒಬ್ಬರಿಗೂ ಏನೂ ಅನ್ನಿಸಲಿಲ್ಲ. "ನೋಡಪ್ಪ, ಇದಕ್ಕೊಂದು ಗಾಂಭೀರ್ಯ ಬಂತು," ಎಂದೆ ನಾನು. "ಹೌದು ಅಕ್ಕಾರೆ, ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ," ಎಂದ ಅವನು.

ಹೊಸದುರ್ಗದಲ್ಲಿ ಅತ್ತೆಯ ತವರು. ಅತ್ತೆಯ ಅಣ್ಣನ ಅಳಿಯ ಅಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತ. ವೆಬ್‌ಸೈಟು ಬದಲಾಗಿದೆಯಂತೆ ಎಂದು ಯಾರೋ ಹೇಳಿದ್ದಕ್ಕೆ ಆಫೀಸಿನ ಕಂಪ್ಯೂಟರಿನಲ್ಲಿ ತೆಗೆದು ನೋಡಿದ್ದಾನೆ. ಅದರಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ನನ್ನ ಬರಹವೆಲ್ಲ ಚಿತ್ರಾನ್ನ. ಅವನಿಗೆ ಕಂಡದ್ದು ಬಿಳಿ ಹಾಳೆ, ಕಪ್ಪು ಅಂಚು, ಅದರೊಳಗೆ ಹಾರ ಹಾಕಿಸಿಕೊಂಡು ಶಾಂತವಾಗಿರುವ ಹಿರಿಯೂರಿನ ಮಾವ, ಕೆಳಗೆ ಎರಡು ಇಸವಿ. ಮೊದಲ ಇಸವಿ ಸ್ವಲ್ಪ ಹತ್ತಿರದ್ದಾಯಿತಲ್ಲ, ಮಾವನಿಗೆ ಅದಕ್ಕಿಂತ ಜಾಸ್ತಿ ವಯಸ್ಸಾಗಿತ್ತಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ಹಿರಿಯೂರಿಗೆ ಫೋನು ಮಾಡಿದ. ನೀರಿಗೆ ಬಿದ್ದು ಎದ್ದ ಆ ಫೋನು ಅಂದು ಮತ್ತೆ ಕೆಟ್ಟು ಕೂತಿತ್ತು. ಯಾರೂ ಎತ್ತಲಿಲ್ಲ. ಇನ್ನು ಅನುಮಾನ ಉಳಿಯಲಿಲ್ಲ.

ನಾನಾಗ ಆ ಸನ್ಮಾನದ ಫೋಟೋವನ್ನು ಮಾವನಿಗೆ ವಾಪಸು ಕೊಡಲು ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನ. ಮಾವ ಊಟ ಮುಗಿಸಿ ಅಂಗಡಿಯ ಗಾದಿಯ ಮೇಲೆ ಅಂಗಾತ ಮಲಗಿದ್ದ. ಚಳಿ ಇರಲಿಲ್ಲ, ಆದರೂ ನೊಣದ ಕಾಟಕ್ಕೆ ತೆಳುವಾದ ಬಿಳಿ ಪಂಚೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡಿದ್ದ. ಹೊಸದುರ್ಗದ ವ್ಯಾನು ಬಂದು ನಿಂತದ್ದು ಆಗಲೇ.

ಅತ್ತೆಯ ಅಣ್ಣ ಇಳಿದರು. ಅವರ ಹೆಂಡತಿ ಇಳಿದರು. ಅಳಿಯ ಇಳಿದ, ಅವನ ತೋಳ ತುಂಬ ದೊಡ್ಡ ಹೂವಿನ ಹಾರ. ಅಂಗಡಿಯೊಳಗೆ ಬಿಳಿ ಬಟ್ಟೆ ಹೊದ್ದ ಆಕಾರ ಕಂಡದ್ದೇ ತಡ, ಅಣ್ಣ ಬಾಗಿಲಲ್ಲೇ ಕುಸಿದು, "ಹಿಂಗೆ ಮಾಡ್ಬಿಟ್ಯಲ್ಲೋ ನಮ್ಮಪ್ಪಾ!" ಎಂದು ದೊಡ್ಡ ದನಿ ತೆಗೆದರು.

ಪಂಚೆಯ ಒಳಗಿನಿಂದ ಮಾವ, "ಏನ್ ಮಾಡ್ದೆ?" ಎಂದ.

ಅಣ್ಣನ ಹೆಂಡತಿ ಕಿಟಾರನೆ ಕಿರುಚಿದರು. ಅಳಿಯನ ಕೈಯ ಹಾರ ಹಾರಿಹೋಗಿ ಕಂಬಳಿಯ ಕಟ್ಟಿನ ಮೇಲೆ ಬಿತ್ತು. ಮಾವ ಪಂಚೆ ಸರಿಸಿ ಎದ್ದು ಕೂತು, ಬಂದವರನ್ನು ಕಂಡು ಮುಖವೆಲ್ಲ ಅರಳಿಸಿ, "ಓಹೋ, ಎಲ್ರೂ ಬಂದೀರಾ? ಬರ್ರಿ, ಬರ್ರಿ. ಲೇ, ನಿಮ್ಮಣ್ಣ ಬಂದವ್ರೆ, ನೀರು ತಗಂಬಾ," ಎಂದು ಒಳಕ್ಕೆ ಕೂಗಿದ.

ಅಣ್ಣನಿಗೆ ಅಳು ನಿಂತು ಸಿಟ್ಟು ಬಂತು. "ಬದುಕಿದೀಯಾ? ಬದುಕಿದ್ರೆ ಹೇಳ್ಬೇಕಾಗಿತ್ತಪ್ಪ! ತೋಟದ ಕೆಲಸ ಬಿಟ್ಟು, ಹೊಟ್ಟೆಗೆ ಏನೂ ಹಾಕ್ಕಳ್ದೆ ಓಡಿ ಬಂದೀವಿ!"

"ಬದುಕಿರೋದನ್ನ ಯಾರು ಫೋನ್ ಮಾಡಿ ಹೇಳ್ತಾರೆ?" ಎಂದ ಮಾವ, ನಿಜವಾಗಿಯೂ ಗೊಂದಲಗೊಂಡು.

ಅಳಿಯ ಕಾಗದದ ಮೇಲೆ ಮುದ್ರಿಸಿ ತಂದಿದ್ದ ಪುಟವನ್ನು ಹಿಡಿದು ತೋರಿಸಿದ. ಕಾಗದದಲ್ಲಿ ನೋಡಿದಾಗ ನಮಗೂ ಕಂಡಿತು. ನಾನು ಬರೆದ ಒಂದು ಅಕ್ಷರವನ್ನೂ ಓದಗೊಡದೆ ಆ ಪುಟ ತನ್ನ ಪಾಡಿಗೆ ಬೇರೆಯದೇ ಸುದ್ದಿ ಹೇಳುತ್ತಿತ್ತು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಫೋಟೋ ಮಾತ್ರ ಚೆನ್ನಾಗೈತೆ. ಇಟ್ಕಂಡಿರಾಣ," ಎಂದರು.

ಅಷ್ಟು ಜನಕ್ಕೂ ಮತ್ತೆ ಅಡುಗೆಯಾಯಿತು. ಸತ್ತವರ ಮನೆಯಲ್ಲಿ ಇಷ್ಟು ರುಚಿಯಾದ ಹುರುಳಿಕಾಳಿನ ಬಸ್ಸಾರು ತಿಂದಿಲ್ಲ ಎಂದು ಅಣ್ಣ ಎರಡು ಸಲ ಬಡಿಸಿಕೊಂಡರು. ಹೊರಡುವಾಗ ಅವರಿಗೆ ಒಂದೊಂದು ಕಂಬಳಿ ಕೊಟ್ಟು ಕಳಿಸಿದ್ದಾಯಿತು. ವೆಬ್‌ಸೈಟಿನಿಂದ ಮಾವನ ಅಂಗಡಿಯ ಕಂಬಳಿ ಹೊರಗೆ ಹೋದದ್ದು ಅದೇ ಮೊದಲು.

ಇದಾದ ಮೇಲೆ ನಾನೂ ಹೊಳಲ್ಕೆರೆಯವನೂ ಒಬ್ಬರನ್ನೊಬ್ಬರು ಬೈಯುವ ಸ್ಥಿತಿಯಲ್ಲಿರಲಿಲ್ಲ. ಅವನ ಕುರಿಯೂ ಸೋತಿತ್ತು, ನನ್ನ ಗಾಂಭೀರ್ಯವೂ ಸೋತಿತ್ತು. ಅವನೇ ಒಂದು ದಾರಿ ಹೇಳಿದ. "ಅಕ್ಕಾರೆ, ನಿಮ್ಮ ಅಕ್ಷರಾನೇ ಚಿತ್ರ ಮಾಡ್ಬಿಡಾಣ. ಫಾಂಟ್ ಇರ್ಲಿ ಬಿಡ್ಲಿ, ಎಲ್ಲ ಕಡೆ ಕನ್ನಡವೇ ಕಾಣ್ತೈತೆ. ಆದ್ರೆ ಚಿತ್ರ ದೊಡ್ದಾದ್ರೆ ತೆರೆಯೋದು ನಿಧಾನ. ತುಂಡು ತುಂಡು ಮಾಡಿ ಒಂದರ ಕೆಳಗೊಂದು ಜೋಡಿಸ್ತೀನಿ. ನೀವು ಸ್ವಲ್ಪ ಮಾತು ಕಮ್ಮಿ ಮಾಡ್ರಿ." ನಾನೂ ಒಪ್ಪಿ ಕತ್ತರಿ ಹಾಕಿದೆ. ಬಿಳಿ ಪುಟದ ಬದಲು ರಾಗಿ ಬಣ್ಣದ ಪುಟ ಮಾಡಿದ. ಅಂಗಡಿಯ ಹೆಸರಿನ ಪಕ್ಕ ಒಂದೇ ಒಂದು ಸಣ್ಣ ದೀಪ ಮಿನುಗಲಿ ಎಂದು ಬೇಡಿಕೊಂಡ. ಆಗಲಿ ಎಂದೆ.

ಫೋಟೋಕ್ಕೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋದೆವು. ಬಂಡೆಗಳ ಮುಂದೆ ಕರಿ ಕಂಬಳಿ ಎದ್ದು ಕಾಣುತ್ತದೆ ಎಂಬ ಲೆಕ್ಕಾಚಾರ. ಕುರಿಗಾರ ಯಜಮಾನರನ್ನೇ ಕಂಬಳಿ ಹೊದ್ದು ನಿಲ್ಲಲು ಕರೆದುಕೊಂಡು ಹೋಗಿದ್ದೆವು. ಬಿಸಿಲು ಬಂಡೆ ಕಾಯಿಸುತ್ತಿತ್ತು. "ಚಳಿ ಆಗ್ತಿರೋ ಥರ ಮುಖ ಮಾಡ್ರಿ," ಎಂದು ಹೊಳಲ್ಕೆರೆಯವನು ಕ್ಯಾಮೆರಾ ಹಿಡಿದು ಹೇಳುತ್ತಿದ್ದ. ಯಜಮಾನರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಚಳಿ ಹೆಂಗಿರ್ತೈತೆ ಅಂತಾನೇ ಮರ್ತೋಗೈತೆ ಕಣಪ್ಪ," ಎಂದು ಅವರು ಹಲ್ಲು ಕಿರಿದರು. ಆ ನಗುವೇ ಫೋಟೋದಲ್ಲಿ ಬಂತು. ಬೆವರು ಮಳೆಹನಿಯಂತೆ ಕಂಡಿತು. ಮಳೆಯಲ್ಲಿ ಕಂಬಳಿ ಹೊದ್ದು ಸುಖವಾಗಿ ನಗುತ್ತಿರುವ ಮನುಷ್ಯ. ಅದಕ್ಕಿಂತ ಒಳ್ಳೆಯ ಜಾಹೀರಾತು ನಾನು ಬರೆಯಲಾರೆ ಎಂದು ನನಗೇ ಅನ್ನಿಸಿತು.

ಸುಮಾರು ದಿನ ಏನೂ ಆಗಲಿಲ್ಲ. ಕುರಿ ಕೇಳುವವರೂ ಇಲ್ಲ, ಅಳುವವರೂ ಇಲ್ಲ. ಇಡೀ ಲೋಕಕ್ಕೆ ಕಾಣುವಂತೆ ಅಂಗಡಿ ಇಟ್ಟಿದ್ದೇನೆ, ಲೋಕ ಎಲ್ಲಿ ಹೋಯಿತು ಎಂದು ಮಾವ ಕೇಳತೊಡಗಿದ. ಚಳಿಗಾಲ ಶುರುವಾದಾಗ ಲೋಕದಿಂದ ಮೊದಲ ಕರೆ ಬಂತು. ಅದು ಬಂದದ್ದು ನಮ್ಮದೇ ಜಿಲ್ಲೆಯ ಚಿಕ್ಕಜಾಜೂರಿನಿಂದ.

ಅಂದು ನಾನೂ ಅಂಗಡಿಯಲ್ಲಿದ್ದೆ. ಮಾವ ಫೋನೆತ್ತಿ, ಮುಖ ಬಿಳುಚಿಕೊಂಡು, ರಿಸೀವರನ್ನು ನನ್ನ ಕೈಗಿಟ್ಟ. "ನಿನ್ನ ಮಾತಿನ ವಿಚಾರವಂತೆ. ನೀನೇ ಮಾತಾಡು."

ಆ ಕಡೆ ರೈಲ್ವೆ ನೌಕರರೊಬ್ಬರ ಹೆಂಡತಿ. "ಸುಟ್ಟು ನೋಡಿ ಅಂತ ಬರ್ದೋರು ನೀವೇ ಏನ್ರಿ?"

ನಾನು ಬರೆದದ್ದು ಇಷ್ಟು: 'ನಿಮ್ಮ ಕಂಬಳಿ ನಿಜವಾದ ಉಣ್ಣೆಯದೇ? ಒಂದೇ ಒಂದು ಎಳೆಯನ್ನು ಕಿತ್ತು, ದೂರ ಹಿಡಿದು, ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕರಗಿ ಮುದ್ದೆಯಾದರೆ ಅಲ್ಲ.' ಸೈಬರ್ ಸೆಂಟರಿನ ನಿಧಾನದ ಇಂಟರ್‌ನೆಟ್ಟಿನಲ್ಲಿ ಆಕೆಯ ಗಂಡನಿಗೆ ಮೊದಲ ತುಂಡು ಬಂದಿದೆ, ಎರಡನೆಯ ತುಂಡು ಬಂದಿಲ್ಲ, ಮೂರನೆಯದು ಬಂದಿದೆ. 'ನಿಮ್ಮ ಕಂಬಳಿ ನಿಜವಾದ ಉಣ್ಣೆಯದೇ?' ಖಾಲಿ ಜಾಗ. 'ಸುಟ್ಟು ನೋಡಿ.' ಮನುಷ್ಯ ಮನೆಗೆ ಹೋಗಿ, ಹೆಂಡತಿಯ ಕಂಬಳಿಯ ಒಂದು ಮೂಲೆಗೆ ನೇರವಾಗಿ ಬೆಂಕಿಕಡ್ಡಿ ಗೀರಿದ್ದಾನೆ.

"ಅಯ್ಯೋ, ಆಮೇಲೆ?" ಎಂದೆ.

"ಆಮೇಲೇನು, ನೀರು ಸುರಿದ್ವಿ. ಮೂಲೆ ಕರಗಿ ಮುದ್ದೆ ಆಗೈತೆ. ಗಟ್ಟಿ, ಕಲ್ಲಿದ್ದಂಗೆ. ಕೊಟ್ಟೋನು ಅಪ್ಪಟ ಉಣ್ಣೆ ಅಂತ ಹೇಳಿ ಕೊಟ್ಟಿದ್ದ!" ಅವರ ಸಿಟ್ಟು ಈಗ ಆ ಅಪ್ಪಟ ಉಣ್ಣೆಯವನ ಕಡೆ ತಿರುಗಿತ್ತು. "ನೀವು ಬರ್ದಿರೋದು ಸರಿ ಐತೆ ಬಿಡ್ರಿ. ಆದ್ರೆ ನಿಮ್ದಾದ್ರೂ ಉಣ್ಣೆದು ಅಂತ ಏನು ಗ್ಯಾರಂಟಿ? ತಂದು ನನ್ನ ಮುಂದೆ ಸುಡ್ರಿ."

ಮಾವನಿಗೆ ಇದು ಸವಾಲಾಯಿತು. ಕಂಬಳಿಯ ಕಟ್ಟು ಹೊತ್ತುಕೊಂಡು, ನನ್ನನ್ನೂ ಹೊಳಲ್ಕೆರೆಯವನನ್ನೂ ಎಳೆದುಕೊಂಡು, ಬಸ್ಸು ಬದಲಿಸಿ ಚಿಕ್ಕಜಾಜೂರಿಗೆ ಹೋದ. ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಸೇರಿದರು. ಮಾವ ಪುರೋಹಿತನಂತೆ ಕೂತು, ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು, ಎತ್ತಿ ಹಿಡಿದು, ಕಡ್ಡಿ ಗೀರಿದ. ಚುರ್ರ್ ಎಂದಿತು. ಅಂಗಳದ ತುಂಬ ಕೂದಲು ಸುಟ್ಟ ನಾತ ಹರಡಿತು. ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆ ಹೆಂಗಸು ಮಾತ್ರ ಮುಂದೆ ಬಗ್ಗಿ, ಕರಿ ಪುಡಿಯನ್ನು ಬೆರಳಿನಿಂದ ಒತ್ತಿ ನೋಡಿ, ದೀರ್ಘವಾಗಿ ಮೂಸಿದರು.

"ಹೂಂ. ನಾರ್ತೈತೆ," ಎಂದರು, ತೃಪ್ತಿಯಿಂದ. "ಎರಡು ಇಡ್ರಿ."

ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಎದುರಿನವರು. ರಾತ್ರಿ ಪಾಳಿಗೆ ಹೋಗುವವರೆಲ್ಲ ಕೊಂಡರು. ಆದರೆ ಪ್ರತಿಯೊಬ್ಬರೂ ತಮ್ಮ ಕಂಬಳಿಯ ಎಳೆಯನ್ನು ಬೇರೆಯಾಗಿಯೇ ಸುಟ್ಟು ತೋರಿಸಬೇಕೆಂದು ಹಟ ಹಿಡಿದರು. ಸಂಜೆಯ ಹೊತ್ತಿಗೆ ನಾವು ಮೂವರೂ ಎಂಥ ವಾಸನೆ ಹೊಡೆಯುತ್ತಿದ್ದೆವೆಂದರೆ, ವಾಪಸು ಬರುವ ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟೂ ಮುಂದಿನ ಸೀಟೂ ಖಾಲಿಯಾದವು.

ಆ ಖಾಲಿ ಸೀಟಿಗೆ ಕಾಲು ಚಾಚಿ ಹೊಳಲ್ಕೆರೆಯವನು ಹೇಳಿದ, "ಅಕ್ಕಾರೆ, ಆ 'ಒಂದೇ ಒಂದು ಎಳೆ' ಅನ್ನೋದನ್ನ 'ಸುಟ್ಟು ನೋಡಿ' ಜೊತೆಗೇ ಒಂದೇ ತುಂಡಲ್ಲಿ ಕೂರಿಸ್ತೀನಿ. ಯಾರಾದ್ರೂ ಮನೆ ಸುಟ್ಕಂಡ್ರೆ ಕಷ್ಟ."

"ಬ್ಯಾಡ ಬಿಡಪ್ಪ," ಎಂದ ಮಾವ, ಖಾಲಿ ಚೀಲ ಮಡಿಸುತ್ತ. "ವ್ಯಾಪಾರ ಆಗಿದ್ದು ಆ ಸಂದಿಂದಾನೇ."

ನಾನು ಒಪ್ಪಲಿಲ್ಲ. ಮಾರನೆಯ ದಿನವೇ ಸರಿಮಾಡಿಸಿದೆ. ವಿಚಿತ್ರವೆಂದರೆ, ಸರಿಮಾಡಿದ ಮೇಲೂ ಕರೆಗಳು ಬಂದವು, ಜನ ಓದಿಕೊಂಡೇ ಫೋನು ಮಾಡುತ್ತಿದ್ದರು. ಬೇವಿನ ಸೊಪ್ಪು ಹಸಿಯದೋ ಒಣಗಿದ್ದೋ ಎಂದು ಕೇಳುವವರು, ಮಳೆಯಲ್ಲಿ ನಗುತ್ತಿರುವ ಆ ಯಜಮಾನರು ಹೊದ್ದದ್ದೇ ಬೇಕು ಎನ್ನುವವರು. ಯಜಮಾನರಿಗೆ ಅದು ತಲೆಗೇರಿ, ಸ್ವಲ್ಪ ದಿನ ಉಣ್ಣೆಯ ರೇಟು ಜಾಸ್ತಿ ಹೇಳುತ್ತಿದ್ದರು.